ಅನ್ನ ಬಿಡೋದಾ, ಜಿಮ್ ಸೇರೋದಾ, ವಾಕಿಂಗ್ ಹೋಗೋದಾ? ತೂಕ ಇಳ್ಸೋಕೆ ಮಲೆನಾಡಿನವ್ರಿಗೆ ಯಾವ್ದು ಆಗಿಬರತ್ತೆ

ತೂಕ ಇಳಿಸ್ಬೇಕು ಅಂತಿರೋರಿಗೆ ಸಲಹೆ ಕಮ್ಮಿ ಆಗಿರಲ್ಲ, ಜಾಸ್ತಿ ಆಗಿರತ್ತೆ. ತಂಗಿ ಕೀಟೋ (ಅನ್ನ ರೊಟ್ಟಿ ಹೆಚ್ಚುಕಮ್ಮಿ ಬಿಟ್ಟು ಕೊಬ್ಬು ಜಾಸ್ತಿ ತಿನ್ನೋದು) ಅಂತಾಳೆ, ಆಫೀಸಲ್ಲಿ ಪಕ್ಕದ ಸೀಟಿನವ್ರು ಬೆಳಿಗ್ಗೆ ಶೇಕ್ ಕುಡ್ದು ಆರು ಕೆಜಿ ಇಳಿಸ್ಕೊಂಡು ಬಂದಿದಾರೆ, ಯೂಟ್ಯೂಬಲ್ಲಿ ಒಬ್ರು ಹದಿನಾರು ಗಂಟೆ ಉಪವಾಸ ಇರಿ ಅಂತಾರೆ, ಅಮ್ಮ ಮಾತ್ರ "ರಾತ್ರಿ ಅನ್ನ ಬಿಟ್ಟು ಚಪಾತಿ ತಿನ್ನು, ಎಲ್ಲ ಸರಿಹೋಗತ್ತೆ" ಅನ್ನೋದನ್ನ ಬಿಟ್ಟಿಲ್ಲ. ಇಷ್ಟೆಲ್ಲ ಕೇಳಿಸ್ಕೊಂಡು ಯಾವ್ದು ಹಿಡೀಬೇಕು ಅಂತ ಗೊತ್ತಾಗ್ದೆ ಯಾವ್ದನ್ನೂ ಶುರು ಮಾಡ್ದೆ ಕೂತಿರೋರು ನಮ್ಮ ಕಡೆ ಮನೆಗೊಬ್ರು ಇದಾರೆ.

ತೊಂದ್ರೆ ಏನಂದ್ರೆ ಮೊದಲ್ನೇ ತಿಂಗಳು ಇವೆಲ್ಲದ್ರಲ್ಲೂ ತೂಕ ಇಳಿಯತ್ತೆ. ಹಾಗಾಗಿ ಯಾರನ್ನ ಕೇಳಿದ್ರೂ ತಮ್ದೇ ಸರಿ ಅಂತಾರೆ, ಸುಳ್ಳೂ ಅಲ್ಲ ಅದು. ಕೇಳ್ಬೇಕಾಗಿರೋದು ಹತ್ತನೇ ತಿಂಗಳಲ್ಲಿ ಏನಾಗತ್ತೆ ಅಂತ. ನಾನು ಇಲ್ಲಿ ಒಂದೊಂದನ್ನೂ ಅದೇ ಕಣ್ಣಲ್ಲಿ ನೋಡ್ತೀನಿ.

ಮೊದ್ಲು ಯಾವ ಲೆಕ್ಕದಲ್ಲಿ ಅಳೀಬೇಕು

ನನ್ನ ಮೊದಲ್ನೇ ಲೆಕ್ಕ ವರ್ಷದ್ದು. ನಮ್ಮ ಕಡೆ ವರ್ಷ ಹೇಗೆ ಹೋಗತ್ತೆ ನೋಡಿ, ಜೂನಿಂದ ಸೆಪ್ಟೆಂಬರ್ ತನಕ ಜಡಿಮಳೆ, ಅದ್ರ ಮಧ್ಯದಲ್ಲೇ ಗಣಪತಿ ಹಬ್ಬ, ಆಮೇಲೆ ನವರಾತ್ರಿ, ದೀಪಾವಳಿ, ಅಡಿಕೆ ಕೊಯ್ಲು, ಕೊಯ್ಲು ಮುಗಿಯೋ ಹೊತ್ತಿಗೆ ಜಾತ್ರೆ, ಮದುವೆ, ಉಪನಯನ, ಗೃಹಪ್ರವೇಶ. "ಈ ಗಲಾಟೆ ಎಲ್ಲ ಮುಗೀಲಿ, ಆಮೇಲೆ ಶುರು ಮಾಡ್ತೀನಿ" ಅನ್ನೋಕೆ ಖಾಲಿ ತಿಂಗಳು ಅಂತ ಒಂದೂ ಇಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವ್ರು 96 ಜನರನ್ನ ಇಟ್ಕೊಂಡು ಮಾಡಿದ ಒಂದು ಅಧ್ಯಯನ 2010ರಲ್ಲಿ ಬಂತು, ಅದ್ರ ಪ್ರಕಾರ ಹೊಸ ಅಭ್ಯಾಸ ಒಂದು ಯೋಚನೆ ಮಾಡ್ದೇನೇ ನಡಿಯೋ ಹಂತಕ್ಕೆ ಬರೋಕೆ ಸರಾಸರಿ 66 ದಿನ ಬೇಕು, ಕೆಲವ್ರಿಗೆ 18 ದಿನ ಸಾಕಾದ್ರೆ ಕೆಲವ್ರಿಗೆ 254 ದಿನ ಆಗಬಹುದು. ಮಧ್ಯ ಒಂದಿನ ತಪ್ಪಿದ್ರೆ ಏನೂ ಹಾಳಾಗಲ್ಲ ಅಂತಾನೂ ಅದ್ರಲ್ಲೇ ಕಂಡಿದ್ದು. ಅಂದ್ರೆ ಬೇಸಿಗೆಯಲ್ಲಿ ಶುರು ಮಾಡಿದ್ದು ಆರಿದ್ರ ಮಳೆಗೆ ನಿಂತೋಗೋ ಹಾಗಿದ್ರೆ ಅದು ಅಭ್ಯಾಸ ಆಗೋ ಮೊದ್ಲೇ ನಿಂತಂಗೆ.

ಎರಡನೇದು ಅಡುಗೆಮನೆ. ನಿಮ್ಮ ಡಯಟ್ಟಿಗೆ ಬೇರೆ ಅಡುಗೆ ಆಗ್ಬೇಕಾ? ಆದ್ರೆ ಅದನ್ನ ಮಾಡೋರು ಯಾರು? ಮನೇಲಿ ಗಂಡಸರು "ನಾನು ಡಯಟ್ ಮಾಡ್ತಿದೀನಿ" ಅಂದಾಗ ಬಹಳ ಸಲ ಅದ್ರರ್ಥ ಹೆಂಡ್ತಿಗೋ ಅಮ್ಮಂಗೋ ಇನ್ನೊಂದು ಒಲೆ ಹಚ್ಚೋ ಕೆಲಸ ಬಂತು ಅಂತ. ಅದು ಎಷ್ಟು ದಿನ ನಡಿಯತ್ತೆ ಹೇಳಿ.

ದುಡ್ಡಿನ ವಿಷ್ಯದಲ್ಲಿ ತಿಂಗಳ ಖರ್ಚನ್ನ 24ರಿಂದ ಗುಣಿಸಿ ನೋಡಿ, ಎರಡು ವರ್ಷ ಕೊಡೋಕಾಗಲ್ಲ ಅನ್ಸಿದ್ರೆ ಈಗ್ಲೇ ಬೇಡ. ಆಮೇಲೆ ಮೈಗೆ ಏನು ಮಾಡತ್ತೆ ಅನ್ನೋದು: ಕೊಬ್ಬಿನ ಜೊತೆ ಮಾಂಸಖಂಡಾನೂ ಕರಗಿಸತ್ತಾ, ಶುಗರ್ ಬಿಪಿ ಮಾತ್ರೆ ತಗೊಳೋರಿಗೆ ಆಗತ್ತಾ.

ಗುರಿ ಎಷ್ಟಿರ್ಬೇಕು ಅನ್ನೋದ್ರಲ್ಲೇ ಅರ್ಧ ಜನ ಎಡವೋದು. ಭಾರತೀಯರಿಗೆ ಬಿಎಂಐ (ಕೆಜಿ ತೂಕವನ್ನ ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ್ದು) 23 ದಾಟಿದ್ರೆ ಅಧಿಕ ತೂಕ, 25 ದಾಟಿದ್ರೆ ಬೊಜ್ಜು ಅಂತ ಲೆಕ್ಕ, ಅಂದ್ರೆ 165 ಸೆಂ.ಮೀ. ಎತ್ತರ ಇರೋರಿಗೆ ಸುಮಾರು 63 ಕೆಜಿ ಮತ್ತು 68 ಕೆಜಿ. ಅದಕ್ಕಿಂತ ಸುಲಭದ್ದು ಟೇಪು: ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರ್ಬೇಕು. ಆದ್ರೆ ಮದುವೆಗೆ ಮುಂಚಿನ ತೂಕಕ್ಕೇ ಬರ್ಬೇಕು ಅಂತೇನಿಲ್ಲ ಮಾರಾಯ್ರೆ. ಶುಗರ್ ಬರೋ ಅಂಚಿನಲ್ಲಿದ್ದೋರ ಮೇಲೆ ಅಮೆರಿಕದಲ್ಲಿ ಮಾಡಿ 2002ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಇಟ್ಟ ಗುರಿ ತೂಕದಲ್ಲಿ 7% ಇಳಿಸೋದು ಮತ್ತೆ ವಾರಕ್ಕೆ 150 ನಿಮಿಷ ನಡೆಯೋದು, ಅಷ್ಟಕ್ಕೇ ಶುಗರ್ ಬರೋ ಅಪಾಯ 58% ಕಮ್ಮಿ ಆಯ್ತು. ಚೆನ್ನೈ ಕಡೆಯವ್ರು ಅದೇ ಥರದ್ದನ್ನ ನಮ್ಮ ಜನರ ಮೇಲೆ ಮಾಡಿದಾಗ್ಲೂ 28.5% ಕಮ್ಮಿ ಆಗಿದ್ದು ಕಂಡ್ರು, 2006ರಲ್ಲಿ. 80 ಕೆಜಿ ಇರೋರಿಗೆ 7% ಅಂದ್ರೆ ಐದೂವರೆ ಕೆಜಿ ಅಷ್ಟೇ.

ಪೌಡರ್, ಶೇಕ್, ಕಿಟ್

ಶಿವಮೊಗ್ಗದಲ್ಲಿ ಈಗ ಬಡಾವಣೆಗೊಂದು ಶೇಕ್ ಕುಡಿಯೋ ಜಾಗ ಆಗಿದೆ. ಬೆಳಿಗ್ಗೆ ಹೋಗಿ ಶೇಕ್, ಜೊತೆಗೆ ಒಂದು ಬಿಸಿ ಪಾನೀಯ, ಚಪ್ಪಾಳೆ, ತೂಕದ ಮಿಷಿನ್. ಇದನ್ನ ಪೂರ್ತಿ ಬೈಯೋಕೆ ನನಗೆ ಮನಸಿಲ್ಲ, ಯಾಕಂದ್ರೆ ಊಟದ ಬದ್ಲು ಶೇಕ್ ಅನ್ನೋ ಐಡಿಯಾ ಕೆಲ್ಸ ಮಾಡತ್ತೆ. ಬ್ರಿಟನ್ನಲ್ಲಿ ಶುಗರ್ ಇರೋರನ್ನ ಮೂರರಿಂದ ಐದು ತಿಂಗಳು ದಿನಕ್ಕೆ ಬರೀ 825ರಿಂದ 853 ಕ್ಯಾಲರಿ ಶೇಕ್ ಮೇಲೆ ಇಟ್ಟು ನೋಡಿದ್ರು, ವರ್ಷ ತುಂಬೋ ಹೊತ್ತಿಗೆ 46% ಜನಕ್ಕೆ ಮಾತ್ರೆ ಇಲ್ದೇನೇ ಶುಗರ್ ಡಯಾಬಿಟಿಸ್ ಮಟ್ಟದಿಂದ ಕೆಳಗೆ ಬಂದಿತ್ತು. ಆದ್ರೆ ಅಲ್ಲಿ ಡಾಕ್ಟರು, ನರ್ಸು, ಡಯಟಿಷಿಯನ್ ಪಕ್ಕದಲ್ಲೇ ಇದ್ರು, ಶೇಕ್ ಬಿಡಿಸಿ ಊಟಕ್ಕೆ ವಾಪಸ್ ತರೋದನ್ನ ವಾರಗಟ್ಲೆ ಹಂತ ಹಂತವಾಗಿ ಮಾಡಿದ್ರು, ಎರಡು ವರ್ಷದ ಹೊತ್ತಿಗೆ ಆ 46 ಕೂಡ 36ಕ್ಕೆ ಇಳೀತು. ನಮ್ಮೂರಿನ ಅಂಗಡಿಯಲ್ಲಿ ಶೇಕ್ ಇದೆ, ಉಳಿದಿದ್ಯಾವುದೂ ಇಲ್ಲ. ನೀವು ಶೇಕ್ ನಿಲ್ಸಿದ ಮಾರನೇ ದಿನ ಬೆಳಿಗ್ಗೆ ಮನೇಲಿ ಅದೇ ನಾಲ್ಕು ದೋಸೆ.

ಖರ್ಚೂ ಇದ್ರದ್ದು ಜಾಸ್ತಿನೇ, ತಿಂಗಳಿಗೆ ಸುಲಭವಾಗಿ ಸಾವಿರಗಟ್ಲೆ ಹೋಗತ್ತೆ, ಇಬ್ರು ಸೇರಿದ್ರೆ ಇನ್ನೂ ಕೇಳ್ಬೇಡಿ. ಜೋರಾಗಿ ತೂಕ ಇಳಿಸಿದ್ರೆ ಪಿತ್ತಕೋಶದಲ್ಲಿ ಕಲ್ಲಾಗೋ ಅಪಾಯಾನೂ ಇದೆ. ಅಮೆರಿಕದ ಟಿವಿ ಸ್ಪರ್ಧೆಯೊಂದ್ರಲ್ಲಿ ಸಿಕ್ಕಾಪಟ್ಟೆ ತೂಕ ಇಳಿಸಿದ್ದ 14 ಜನರನ್ನ ಆರು ವರ್ಷ ಆದ್ಮೇಲೆ ಪರೀಕ್ಷೆ ಮಾಡಿದ್ರು, ಬಹುತೇಕರಿಗೆ ತೂಕ ವಾಪಸ್ ಬಂದಿತ್ತು, ಆದ್ರೂ ಸುಮ್ನೆ ಕೂತಾಗ ಮೈ ಖರ್ಚು ಮಾಡೋ ಶಕ್ತಿ ಇರ್ಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಮ್ಮಿ ಇತ್ತು. ಆ ವರದಿ 2016ರದ್ದು. ಅವಸರ ಇದ್ದಷ್ಟೂ ಮೈ ಹಠ ಮಾಡತ್ತೆ ಅಂತ ನಾನು ಅರ್ಥ ಮಾಡ್ಕೊಂಡಿದೀನಿ.

ಅನ್ನ ಪೂರ್ತಿ ಬಿಡೋದು

ಮೊದಲ್ನೇ ವಾರ ಎರಡು ಮೂರು ಕೆಜಿ ಇಳಿಯತ್ತೆ, ಎಲ್ರಿಗೂ ಫೋಟೋ ಕಳಿಸ್ತಾರೆ. ಅದ್ರಲ್ಲಿ ಹೆಚ್ಚಿನ ಪಾಲು ನೀರು. ಗ್ಲೈಕೋಜನ್ ಅಂದ್ರೆ ಮೈಯಲ್ಲಿ ಶೇಖರ ಆಗಿರೋ ಸಕ್ಕರೆ ಅಂಶ, ಅದು ಒಂದು ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನ ಹಿಡ್ಕೊಂಡಿರತ್ತೆ, ಅನ್ನ ರೊಟ್ಟಿ ಬಿಟ್ಟ ಕೂಡ್ಲೇ ಅದು ಖಾಲಿ ಆಗತ್ತೆ, ನೀರೂ ಹೋಗತ್ತೆ, ಒಂದು ಮದುವೆ ಊಟ ಮಾಡಿದ ಕೂಡ್ಲೇ ವಾಪಸ್ ಬರತ್ತೆ.

ದೀರ್ಘಕ್ಕೆ ನೋಡಿದ್ರೆ? ಸ್ಟಾನ್‌ಫರ್ಡ್‌ನವ್ರು 609 ಜನರಲ್ಲಿ ಒಂದು ಗುಂಪಿಗೆ ಕೊಬ್ಬು ಕಮ್ಮಿ, ಇನ್ನೊಂದು ಗುಂಪಿಗೆ ಕಾರ್ಬ್ (ಅನ್ನ, ರೊಟ್ಟಿ, ಸಕ್ಕರೆಯಲ್ಲಿರೋ ಪಿಷ್ಟ ಸಿಹಿ ಅಂಶ) ಕಮ್ಮಿ ಅಂತ ಒಂದು ವರ್ಷ ಮಾಡಿಸಿದ್ರು, 2018ರಲ್ಲಿ ಫಲಿತಾಂಶ ಬಂತು, ಒಂದು ಕಡೆ 5.3 ಕೆಜಿ, ಇನ್ನೊಂದು ಕಡೆ 6 ಕೆಜಿ, ಲೆಕ್ಕಕ್ಕೆ ಬರೋ ವ್ಯತ್ಯಾಸ ಇಲ್ಲ. ಎರಡೂ ಗುಂಪಿಗೆ ಹೇಳಿದ್ದು ಮಾತ್ರ ಒಂದೇ: ತರಕಾರಿ ಜಾಸ್ತಿ ತಿನ್ನಿ, ಸಕ್ಕರೆ ಮೈದಾ ಕಮ್ಮಿ ಮಾಡಿ.

ಮೀನು, ಕೋಳಿ, ಮೊಟ್ಟೆ ದಿನಾ ನಡಿಯೋ ಮನೆ ಆದ್ರೆ, ನೀವೊಬ್ರೇ ಬೇರೆ ಊರಲ್ಲಿ ರೂಮ್ ಮಾಡ್ಕೊಂಡು ಅಡುಗೆ ಮಾಡ್ಕೊಳೋರಾದ್ರೆ ಕಾರ್ಬ್ ಕಮ್ಮಿ ಮಾಡೋದು ಕಷ್ಟ ಅಲ್ಲ. ಸಸ್ಯಾಹಾರಿ ಮಲೆನಾಡಿನ ಮನೇಲಿ ಬೆಳಿಗ್ಗೆ ತೆಳ್ಳೇವು ಇಲ್ಲ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ಇದ್ರ ಮಧ್ಯ ಕೀಟೋ ಮಾಡ್ತೀನಿ ಅಂದ್ರೆ ಪನೀರು ಬಾದಾಮಿಗೇ ಸಂಬಳ ಹೋಗತ್ತೆ, ಮನೆಯೋರ ಜೊತೆ ಕೂತು ಉಣ್ಣೋದೂ ತಪ್ಪತ್ತೆ. ನನ್ನ ಪ್ರಕಾರ ಅದು ಖರ್ಚಿಗಿಂತ ದೊಡ್ಡ ನಷ್ಟ.

ಇನ್ನು ಅಮ್ಮನ ಚಪಾತಿ ಸಲಹೆ. ಒಂದು ಕಪ್ ಅನ್ನದಲ್ಲಿ ಸುಮಾರು 200 ಕ್ಯಾಲರಿ, ಎರಡು ಚಪಾತೀಲೂ ಹೆಚ್ಚುಕಮ್ಮಿ ಅಷ್ಟೇ, ಮೇಲೆ ಎಣ್ಣೆ ಸವರಿದ್ರೆ ಜಾಸ್ತಿನೇ. ಆದ್ರೂ ಕೆಲವ್ರಿಗೆ ಇದು ಕೆಲ್ಸ ಮಾಡತ್ತೆ ಯಾಕಂದ್ರೆ ಚಪಾತಿ ಎಣಿಸಬಹುದು, ಅನ್ನ ಎಣಿಸೋಕಾಗಲ್ಲ, ಸಾರಿಗೊಂದ್ಸಲ ಮಜ್ಜಿಗೆಗೊಂದ್ಸಲ ಬಡಿಸ್ಕೊಳ್ತಾ ಹೋಗ್ತೀವಿ. ಕೆಂಪಕ್ಕಿದೂ ಅಷ್ಟೇ, ನಾರು ಸ್ವಲ್ಪ ಜಾಸ್ತಿ, ಕ್ಯಾಲರಿ ಹೆಚ್ಚುಕಮ್ಮಿ ಬಿಳಿ ಅಕ್ಕೀದೇ.

ಹೊತ್ತು ನೋಡಿ ತಿನ್ನೋದು

ಎಂಟು ಗಂಟೆ ಒಳಗೆ ದಿನದ ಊಟ ಎಲ್ಲ ಮುಗ್ಸಿ ಹದಿನಾರು ಗಂಟೆ ಖಾಲಿ ಇರೋದು. ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಒಂದು ವರ್ಷ ನೋಡಿದ್ರು, ಕ್ಯಾಲರಿ ಕಮ್ಮಿ ಮಾಡಿದವ್ರು ಒಂದು ಕಡೆ, ಅಷ್ಟೇ ಕ್ಯಾಲರೀನ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ತಿಂದವ್ರು ಇನ್ನೊಂದು ಕಡೆ, ಕೊನೆಗೆ ಎಣಿಸುವಂಥ ವ್ಯತ್ಯಾಸ ಸಿಗ್ಲಿಲ್ಲ. ಅಂದ್ರೆ ಗಡಿಯಾರದಲ್ಲಿ ಜಾದೂ ಏನಿಲ್ಲ, ಆದ್ರೆ ರಾತ್ರಿ ಹತ್ತು ಗಂಟೆಗೆ ಟಿವಿ ಮುಂದೆ ಕೈಗೆ ಬರೋ ಮಿಕ್ಚರ್ ಡಬ್ಬ ಇದ್ರಿಂದ ತಪ್ಪತ್ತೆ, ಅದೇ ಲಾಭ.

ಖರ್ಚಿಲ್ಲ, ಬೇರೆ ಅಡುಗೆ ಬೇಡ, ಮಳೆ ಬಿಸಿಲು ಯಾವ್ದೂ ತೊಂದ್ರೆ ಇಲ್ಲ, ಆ ಲೆಕ್ಕದಲ್ಲಿ ಒಳ್ಳೆ ಆಯ್ಕೆ. ಕಟ್ಟುನಿಟ್ಟಾಗಿ 16:8 ಬೇಡ, ರಾತ್ರಿ ಊಟ ಎಂಟರೊಳಗೆ ಮುಗ್ಸಿ ಬೆಳಿಗ್ಗೆ ತಿಂಡಿ ತನಕ ಏನೂ ಬೇಡ ಅಂತ ಇಟ್ಕೊಂಡ್ರೆ ಸಾಕು ಅಂತೀನಿ. ಆದ್ರೆ ಗ್ಲಿಮೆಪಿರೈಡ್ ಥರದ ಶುಗರ್ ಮಾತ್ರೆ ಅಥ್ವಾ ಇನ್ಸುಲಿನ್ ತಗೊಳೋರು ಡಾಕ್ಟರ್ ಕೇಳ್ದೆ ಊಟ ತಪ್ಪಿಸ್ಬೇಡಿ, ಶುಗರ್ ತೀರಾ ಇಳಿದ್ರೆ ಅದು ಬೇರೆಯದೇ ಅಪಾಯ. ಬಸುರಿ ಬಾಣಂತಿಯರಿಗೆ ಬೇಡ. ಊಟದ ಮೇಲೆ ಸಿಟ್ಟು ತೋರ್ಸೋ, ಹಸಿದು ಹಸಿದು ಆಮೇಲೆ ಒಟ್ಟಿಗೇ ತಿನ್ನೋ ಸ್ವಭಾವದವ್ರಿಗೂ ಬೇಡ.

ಮನೆ ಊಟಾನೇ, ತಟ್ಟೆಯ ಲೆಕ್ಕ ಮಾತ್ರ ಬೇರೆ

ಇದಕ್ಕೆ ಹೆಸ್ರಿಲ್ಲ, ಮಾರೋಕೆ ಪ್ಯಾಕೆಟ್ಟಿಲ್ಲ, ಅದಕ್ಕೇ ಯಾರೂ ಇದ್ರ ಜಾಹೀರಾತು ಹಾಕಲ್ಲ. ನನ್ನ ಓಟು ಇದಕ್ಕೆ, ಮೊದ್ಲೇ ಹೇಳ್ಬಿಡ್ತೀನಿ, ಆದ್ರೆ ಇದ್ರ ತೊಂದ್ರೆಗಳನ್ನೂ ಹೇಳ್ತೀನಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವ್ರು 2000 ಕ್ಯಾಲರಿಗೆ ಒಂದು ದಿನದ ತಟ್ಟೆ ಹೇಗಿರ್ಬೇಕು ಅಂತ ಲೆಕ್ಕ ಕೊಟ್ಟಿದಾರೆ: ಧಾನ್ಯ 250 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಬೇಳೆಕಾಳು ಅಥ್ವಾ ಮೊಟ್ಟೆ ಮಾಂಸ 85 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿಲಿ, ಎಣ್ಣೆ ಕೊಬ್ಬು 27 ಗ್ರಾಂ. ಅಕ್ಕಿ ಬೇಳೆ ಎಲ್ಲ ಬೇಯಿಸೋ ಮುಂಚಿನ ತೂಕ. ಈಗ ನಿಮ್ಮ ಮನೆ ಲೆಕ್ಕ ಹಾಕಿ. ಅಕ್ಕಿ ದಿನಕ್ಕೆ ಒಬ್ರಿಗೆ ಮುನ್ನೂರು ನಾನೂರು ಗ್ರಾಂ ದಾಟಿರತ್ತೆ, ಯಾಕಂದ್ರೆ ತಿಂಡೀನೂ ಅಕ್ಕೀದೇ. ತರಕಾರಿ ಅಂದ್ರೆ ಸಾಂಬಾರಲ್ಲಿ ತೇಲೋ ನಾಲ್ಕು ಹೋಳು. ಸಮಸ್ಯೆ ಅನ್ನದ್ದಲ್ಲ, ಅನ್ನದ ಪಕ್ಕ ಬೇರೇನೂ ಇಲ್ದೇ ಇರೋದು.

ಮಲೆನಾಡಿನ ಅಡುಗೇಲಿ ಇದಕ್ಕೆ ಬೇಕಾದ್ದೆಲ್ಲ ಇದೆ, ಅದು ನನಗೆ ಖುಷಿ ಕೊಡೋ ವಿಷ್ಯ. ಒಂದೆಲಗದ ತಂಬುಳಿ, ದೊಡ್ಡಪತ್ರೆ ತಂಬುಳಿ, ಮಳೆಗಾಲದಲ್ಲಿ ಕಳಲೆ ಪಲ್ಯ, ಚಗಟೆ ಸೊಪ್ಪು, ಕೆಸುವಿನ ಸೊಪ್ಪು, ಬಾಳೆದಿಂಡಿನ ಪಲ್ಯ, ಹುರಳಿ ಸಾರು, ಮೊಳಕೆ ಕಾಳಿನ ಪಲ್ಯ. ಹುರಳೀಲಿ 100 ಗ್ರಾಂಗೆ 20 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಇದೆ, ಅದನ್ನ ಬಸಿದು ಬರೀ ಕಟ್ಟು ಉಂಡು ಕಾಳನ್ನ ದನಕ್ಕೆ ಹಾಕೋ ಮನೆಗಳು ಇನ್ನೂ ಇವೆ, ಕಾಳು ನೀವು ತಿನ್ನಿ. ಮಾಂಸಾಹಾರಿಗಳಿಗೆ ಘಟ್ಟ ಹತ್ತಿ ಬರೋ ಬಂಗಡೆ ಭೂತಾಯಿ ಇದೆ, ಹುರಿಯೋ ಬದ್ಲು ಸಾರು ಮಾಡಿದ್ರೆ ಎಣ್ಣೆನೂ ಉಳೀತು. ಒಂದು ಮೊಟ್ಟೇಲಿ 6 ಗ್ರಾಂ ಪ್ರೋಟೀನ್. ದೊಡ್ಡೋರಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು ಅನ್ನೋದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕ, 70 ಕೆಜಿಗೆ 58 ಗ್ರಾಂ ಆಯ್ತು, ತೂಕ ಇಳಿಸ್ವಾಗ ಇದಕ್ಕಿಂತ ಕಮ್ಮಿ ಆದ್ರೆ ಮಾಂಸಖಂಡ ಕರಗತ್ತೆ, ಕಾಲಲ್ಲಿ ಬಲ ಇರಲ್ಲ.

ಮಾಡೋದು ಹೇಗೆ ಅಂದ್ರೆ, ತಟ್ಟೆಗೆ ಮೊದ್ಲು ಪಲ್ಯ ಸೊಪ್ಪು ಅರ್ಧ ತಟ್ಟೆ ಬಡಿಸ್ಕೊಳಿ, ಆಮೇಲೆ ಕಾಳೋ ಮೊಟ್ಟೆಯೋ ಮೀನೋ, ಕೊನೆಗೆ ಒಂದು ಬಟ್ಟಲು ಅಳತೆಯ ಅನ್ನ, ಸಾರಿಗೂ ಮಜ್ಜಿಗೆಗೂ ಅದ್ರಲ್ಲೇ ಪಾಲು. ಕಡುಬು ಆವೀಲಿ ಬೆಂದಿದ್ದು, ಎಣ್ಣೆ ಇಲ್ಲ, ಲೈಟು ಅಂತ ಐದಾರು ತಿನ್ನೋರಿದಾರೆ, ಅದೂ ಅಕ್ಕೀನೇ, ಎರಡಕ್ಕೆ ನಿಲ್ಸಿ ಜೊತೆಗಿನ ಸಾರಲ್ಲಿ ಕಾಳು ಜಾಸ್ತಿ ಹಾಕ್ಕೊಳಿ.

ಕ್ಯಾಲರಿ ಎಲ್ಲಿ ಅಡಗಿರತ್ತೆ ಗೊತ್ತಾ, ಕಾಫೀಲಿ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದ್ರೆ ಬರೀ ಸಕ್ಕರೇಲೇ 200 ಕ್ಯಾಲರಿ. ಬೆಲ್ಲ ಹಾಕಿದ್ರೆ ಪರ್ವಾಗಿಲ್ಲ ಅನ್ಬೇಡಿ, ಕಷಾಯಕ್ಕೆ ಹಾಕೋ ಬೆಲ್ಲಾನೂ ಹೆಚ್ಚುಕಮ್ಮಿ ಅಷ್ಟೇ. ಎಣ್ಣೆ ಒಂದು ದೊಡ್ಡ ಚಮಚಕ್ಕೆ 120 ಕ್ಯಾಲರಿ ಹತ್ರ, ಹಸಿ ಕಾಯಿ 100 ಗ್ರಾಂಗೆ 350. ಎಲ್ಲಾದಕ್ಕೂ ಕಾಯಿ ಅರೆಯೋ ಅಡುಗೆ ನಮ್ದು, ಕಾಯಿ ಬಿಡಿ ಅಂತ ನಾನು ಹೇಳಲ್ಲ, ಹೇಳಿದ್ರೆ ಯಾರೂ ಕೇಳೋದೂ ಇಲ್ಲ, ಆದ್ರೆ ಒಂದೇ ಊಟದಲ್ಲಿ ಪಲ್ಯಕ್ಕೂ ಸಾರಿಗೂ ಚಟ್ನಿಗೂ ಮೂರಕ್ಕೂ ಬೇಡ. ಮಳೆ ಸುರಿಯೋವಾಗ ಹಲಸಿನ ಹಪ್ಪಳ ಬೇಕೇ ಬೇಕು, ಕರಿಯೋ ಬದ್ಲು ಕೆಂಡದಲ್ಲೋ ಗ್ಯಾಸಲ್ಲೋ ಸುಟ್ಟು ಮೇಲೆ ಒಂಚೂರು ಕೊಬ್ರಿ ಎಣ್ಣೆ ಸವರಿ ತಿನ್ನಿ, ರುಚೀನೂ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಈಗ ತೊಂದ್ರೆ. ಇದು ನಿಧಾನ. ತಿಂಗಳಿಗೆ ಒಂದು ಎರಡು ಕೆಜಿ, ಕೆಲವು ತಿಂಗಳು ಅದೂ ಇಲ್ಲ. ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7700 ಕ್ಯಾಲರಿ, ದಿನಕ್ಕೆ 250 ಕಮ್ಮಿ ಮಾಡಿದ್ರೆ ಲೆಕ್ಕದಲ್ಲಿ ತಿಂಗಳಿಗೆ ಒಂದು ಕೆಜಿ, ಮೈ ಹೊಂದ್ಕೊಳ್ತಾ ಹೋದಂಗೆ ಅದೂ ನಿಧಾನ ಆಗತ್ತೆ. ಮುಂದಿನ ತಿಂಗಳು ಮದುವೆ ಇದೆ, ಸೀರೆ ಬ್ಲೌಸ್ ಹಿಡೀಬೇಕು ಅನ್ನೋರಿಗೆ ಇದು ಆಗಿಬರಲ್ಲ, ಬ್ಲೌಸನ್ನೇ ಸ್ವಲ್ಪ ಬಿಡಿಸ್ಕೊಳಿ. ಇನ್ನೊಂದು, ಪಲ್ಯ ಹೆಚ್ಚೋ ಕೆಲ್ಸ ಜಾಸ್ತಿ ಆಗತ್ತೆ, ಅದನ್ನ ಯಾರು ಹೆಚ್ತಾರೆ ಅಂತ ಮನೇಲಿ ಮೊದ್ಲೇ ಮಾತಾಡ್ಕೊಳಿ.

ವಾಕಿಂಗ್, ಜಿಮ್, ಯೋಗ

ವಾಕಿಂಗ್ ಬಗ್ಗೆ ಒಂದು ಭ್ರಮೆ ಇದೆ. ಒಂದು ಕಿಲೋಮೀಟರ್ ನಡೆದ್ರೆ 50ರಿಂದ 60 ಕ್ಯಾಲರಿ ಹತ್ರ ಖರ್ಚಾಗತ್ತೆ, ಅಂದ್ರೆ ಶಿವಮೊಗ್ಗದ ಫ್ರೀಡಂ ಪಾರ್ಕಲ್ಲಿ ಬೆವರು ಸುರಿಸಿ ಐದು ಕಿಲೋಮೀಟರ್ ಸುತ್ತಿ, ಬರೋ ದಾರೀಲಿ ಒಂದು ಮಸಾಲೆ ದೋಸೆ ತಿಂದ್ರೆ ಲೆಕ್ಕ ಚುಕ್ತಾ. ಬರೀ ನಡೆದು ತೂಕ ಇಳಿಸೋದು ಕಷ್ಟ. ಆದ್ರೆ ಇಳಿಸಿದ್ದನ್ನ ಉಳಿಸ್ಕೊಳೋಕೆ ನಡಿಗೆಗಿಂತ ಒಳ್ಳೇದು ಕಾಣಲ್ಲ. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಇಟ್ಟಿದಾರೆ, ಹದಿಮೂರೂವರೆ ಕೆಜಿಗಿಂತ ಹೆಚ್ಚು ಇಳಿಸಿ ಒಂದು ವರ್ಷಕ್ಕಿಂತ ಜಾಸ್ತಿ ಹಾಗೇ ಉಳಿಸ್ಕೊಂಡವ್ರದ್ದು, ಅವ್ರಲ್ಲಿ ಹೆಚ್ಚಿನವ್ರು ದಿನಕ್ಕೆ ಸುಮಾರು ಒಂದು ಗಂಟೆ ಮೈ ಆಡಿಸ್ತಾರೆ, ಅದ್ರಲ್ಲೂ ನಡಿಗೆನೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ.

ಪೇಟೇಲಿ ಗಾಂಧಿ ಪಾರ್ಕು, ನೆಹರು ಸ್ಟೇಡಿಯಂ ಇದೆ, ಹಳ್ಳೀಲಿ ದಿಬ್ಬದ ರಸ್ತೆಗಳೇ ಸಾಕು, ಒಂದು ಏರು ಹತ್ತಿ ಇಳಿದ್ರೆ ಪಾರ್ಕಿನ ನಾಲ್ಕು ಸುತ್ತಿಗಿಂತ ಮೇಲು. ಮಳೆಗಾಲದ್ದೇ ಪ್ರಶ್ನೆ. ತೀರ್ಥಹಳ್ಳಿ ಹೊಸನಗರ ಕಡೆ ಜುಲೈಯಲ್ಲಿ ಬೆಳಿಗ್ಗೆ ಐದೂವರೆಗೆ ವಾಕಿಂಗ್ ಅಂದ್ರೆ ಕೊಡೆ ಹಿಡ್ಕೊಂಡು ಇಂಬಳ (ಜಿಗಣೆ) ಕಿತ್ಕೊಳ್ತಾ ಹೋಗ್ಬೇಕು, ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ಜಾರಿದ್ರೆ ಸೊಂಟಾನೇ ಹೋಯ್ತು. ಹಾಗಾಗಿ ವಾಕಿಂಗ್ ಆರಿಸ್ಕೊಳೋರು ಮಳೆಗಾಲದ ಪ್ಲಾನ್ ಮೇ ತಿಂಗಳಲ್ಲೇ ಮಾಡ್ಕೊಳಿ: ಜಗಲಿ ಉದ್ದಕ್ಕೆ ಓಡಾಟ, ಊಟ ಆದ್ಮೇಲೆ ಹತ್ತು ಹತ್ತು ನಿಮಿಷ ಮೂರು ಸಲ, ಮಹಡಿ ಮೆಟ್ಲು. ಊಟ ಆದ ಕೂಡ್ಲೇ ನಡೆಯೋದ್ರಿಂದ ಶುಗರ್ ಏರೋದೂ ಕಮ್ಮಿ ಆಗತ್ತೆ, ಶುಗರ್ ಇರೋರಿಗೆ ಬೆಳಗಿನ ವಾಕಿಂಗ್‌ಗಿಂತ ಇದನ್ನೇ ಮೊದ್ಲು ಹೇಳ್ತೀನಿ.

ಜಿಮ್ಮಿಗೆ ಸೂರಿದೆ, ಮಳೆ ಕಾಟ ಇಲ್ಲ, ಅದು ದೊಡ್ಡ ಪ್ಲಸ್ಸು. ಇನ್ನೊಂದು ಅದಕ್ಕಿಂತ ಮುಖ್ಯ, ಮೂವತ್ತು ದಾಟಿದ್ಮೇಲೆ ಹತ್ತು ವರ್ಷಕ್ಕೆ 3ರಿಂದ 8% ಮಾಂಸಖಂಡ ಕರಗ್ತಾ ಹೋಗತ್ತೆ, ಅದನ್ನ ತಡೆಯೋದು ಭಾರ ಎತ್ತೋ ವ್ಯಾಯಾಮ, ನಡಿಗೆ ಅಲ್ಲ. ವಾರಕ್ಕೆ ಎರಡು ದಿನ ಸಾಕು. ಶುಲ್ಕ ಏರಿಯಾ ಮೇಲೆ, ವರ್ಷದ್ದು ಒಟ್ಟಿಗೆ ಕಟ್ಟಿದ್ರೆ ಡಿಸ್ಕೌಂಟ್ ಅಂತಾರೆ, ಕಟ್ಬೇಡಿ, ಮೊದ್ಲು ಒಂದು ತಿಂಗಳು ಹೋಗಿ ನೋಡಿ. ಮನೆ ಅಥ್ವಾ ಆಫೀಸಿಂದ ಹತ್ತು ನಿಮಿಷಕ್ಕಿಂತ ದೂರ ಇರೋ ಜಿಮ್ ಎಷ್ಟೇ ಚೆನ್ನಾಗಿದ್ರೂ ಬೇಡ. ಟ್ರೈನರ್ ಮೊದಲ್ನೇ ವಾರಾನೇ ಪ್ರೋಟೀನ್ ಡಬ್ಬ ಮಾರೋಕೆ ಬಂದ್ರೆ ಹುರಳಿ ಮೊಟ್ಟೆ ನೆನಪಿಸ್ಕೊಳಿ. ಜಿಮ್ ಇಲ್ದ ಊರಲ್ಲಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಗೋಡೆಗೆ ಕೈ ಕೊಟ್ಟು ದಂಡ, ನೀರು ತುಂಬಿದ ಕ್ಯಾನ್ ಎತ್ತೋದು, ಇಷ್ಟ್ರಿಂದ ಶುರು ಮಾಡಬಹುದು, ಪೈಸೆ ಖರ್ಚಿಲ್ಲ.

ಯೋಗದ ಬಗ್ಗೆ ಚಿಕ್ಕದಾಗಿ: ಬೆನ್ನಿಗೆ, ನಿದ್ದೆಗೆ, ತಲೆಬಿಸಿಗೆ ಒಳ್ಳೇದು, ನಿದ್ದೆ ಸರಿ ಇಲ್ದೋರಿಗೆ ಹಸಿವು ಜಾಸ್ತಿ ಆಗತ್ತೆ ಹಾಗಾಗಿ ಸುತ್ತು ದಾರೀಲಿ ತೂಕಕ್ಕೂ ಸಹಾಯ. ನಿಧಾನದ ಆಸನಗಳಲ್ಲೇ ಕೆಜಿ ಇಳಿಯತ್ತೆ ಅಂತ ಮಾತ್ರ ಕಾಯ್ಬೇಡಿ.

ಡಯಟಿಷಿಯನ್, ಇಂಜೆಕ್ಷನ್

ಶುಗರ್, ಕಿಡ್ನಿ ತೊಂದ್ರೆ, ಪಿಸಿಓಡಿ (ಹೆಂಗಸರ ಅಂಡಾಶಯ, ಹಾರ್ಮೋನಿನ ತೊಂದ್ರೆ) ಇದ್ರೆ ಡಯಟಿಷಿಯನ್ ಹತ್ರ ಒಂದೆರಡು ಸಲ ಹೋಗಿಬರೋದು ದಂಡ ಅಲ್ಲ, ಆರು ತಿಂಗಳ ಪ್ಯಾಕೇಜು ಬೇಡ. ನಿಮ್ಮನ್ನ ಕೂರಿಸಿ ಬೆಳಿಗ್ಗೆ ಏನು ತಿಂತೀರಿ, ಅಡುಗೆ ಯಾರು ಮಾಡ್ತಾರೆ ಅಂತ ಕೇಳಿದ್ರೆ ಒಳ್ಳೆಯೋರು, ಕೇಳ್ದೆ ಓಟ್ಸು ಬ್ರೊಕೊಲಿ ಇರೋ ಪ್ರಿಂಟ್ ಹಾಳೆ ಕೊಟ್ರೆ ದುಡ್ಡು ಕೊಟ್ಟು ಎದ್ದು ಬನ್ನಿ.

ತೂಕ ಇಳಿಸೋ ಇಂಜೆಕ್ಷನ್ ಬಗ್ಗೆ ಈಗ ಎಲ್ರೂ ಕೇಳ್ತಾರೆ, ಟಿರ್ಜೆಪಟೈಡ್, ತೂಕ ಇಳಿಸೋ ಡೋಸಿನ ಸೆಮಾಗ್ಲುಟೈಡ್ ಎರಡೂ 2025ರಲ್ಲಿ ಇಲ್ಲಿಗೂ ಬಂದಿವೆ. ಕೆಲ್ಸ ಮಾಡತ್ತೆ, ಬಹಳ ಬೊಜ್ಜಿದ್ದು ಶುಗರ್ ಇರೋರಿಗೆ ಡಾಕ್ಟರ್ ಹೇಳಿದ್ರೆ ನಾಚ್ಕೆ ಪಡೋದು ಬೇಡ. ಆದ್ರೆ ಸೆಮಾಗ್ಲುಟೈಡ್ ನಿಲ್ಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರ್ನೇ ಎರಡು ಭಾಗ ವಾಪಸ್ ಬಂತು ಅಂತ 2022ರ ಅಧ್ಯಯನ ತೋರಿಸಿದೆ, ಮಧ್ಯಮ ವರ್ಗದೋರು ಇದನ್ನ 24ರಿಂದ ಗುಣಿಸಿ ನೋಡಿ ತೀರ್ಮಾನ ಮಾಡಿ.

ಹಾಗಾದ್ರೆ ಯಾರಿಗೆ ಯಾವ್ದು

ಶಿವಮೊಗ್ಗ ಭದ್ರಾವತಿಯಲ್ಲಿ ಕೂತು ಕೆಲ್ಸ ಮಾಡೋರು, ತಿಂಗಳಿಗೆ ಸಾವಿರ ಎರಡು ಸಾವಿರ ತೆಗ್ದಿಡೋಕೆ ಆಗೋರು: ತಟ್ಟೆ ಬದಲಾವಣೆ ಜೊತೆ ವಾರಕ್ಕೆ ಎರಡು ಮೂರು ದಿನ ಜಿಮ್. ಎರಡಕ್ಕೂ ಟೈಮಿಲ್ಲ ಅಂದ್ರೆ ಜಿಮ್ ಬಿಡಿ, ತಟ್ಟೆ ಬಿಡ್ಬೇಡಿ. ಮಧ್ಯಾಹ್ನ ಹೋಟೆಲ್ ಊಟ ಆದ್ರೆ ರೈಸು ಅರ್ಧ ಹೇಳಿ ಪಲ್ಯ ಎರಡು ಸಲ ಹಾಕಿಸ್ಕೊಳಿ, ಸಂಜೆ ಮಿರ್ಚಿ ಮಂಡಕ್ಕಿಯಲ್ಲಿ ಮಂಡಕ್ಕಿ ಇರ್ಲಿ, ಮಿರ್ಚಿ ವಾರಕ್ಕೊಂದು.

ತೋಟದವ್ರು "ನಮಗೇನು ವ್ಯಾಯಾಮ, ದಿನಾ ತೋಟಕ್ಕೆ ಹೋಗ್ತೀವಲ್ಲ" ಅಂತಾರೆ. ಮೊದ್ಲು ಹೌದಾಗಿತ್ತು. ಈಗ ತೋಟದ ತಲೆ ತನಕ ಬೈಕು, ಅಡಿಕೆ ಸುಲಿಯೋಕೆ ಮಿಷಿನ್ನು, ಕೊಯ್ಲಿನ ಎರಡು ಮೂರು ತಿಂಗಳು ಬಿಟ್ರೆ ಕೂತಿದ್ದೇ ಜಾಸ್ತಿ, ಊಟ ಮಾತ್ರ ಅಪ್ಪನ ಕಾಲದ ಅಳತೇದೇ. ಇವ್ರಿಗೆ ಖರ್ಚೇ ಬೇಡ, ಬೈಕು ಮನೇಲಿಟ್ಟು ನಡೆದು ಹೋಗೋದು, ಕೊಯ್ಲಿಲ್ದ ತಿಂಗಳು ಅನ್ನದ ಬಟ್ಟಲು ಒಂದು ಸೈಜು ಚಿಕ್ಕದು ಮಾಡೋದು.

ಮನೆ ನೋಡ್ಕೊಳೋ ಹೆಂಗಸರ ಕಥೆ ಬೇರೆ. ಬೆಳಿಗ್ಗೆ ಎಲ್ರಿಗೂ ದೋಸೆ ಹುಯ್ದು ಹತ್ತೂವರೆಗೆ ತಿಂಡಿ, ಮೂರು ಗಂಟೆಗೆ ಊಟ, ಮಿಕ್ಕಿದ್ದು ಹಾಳಾಗತ್ತಲ್ಲ ಅಂತ ಇನ್ನೊಂದು ಹಿಡಿ. ಇವ್ರಿಗೆ ಉಪವಾಸದ ಪ್ಲಾನ್ ಹೇಳೋದು ಅನ್ಯಾಯ, ವಾರದಲ್ಲಿ ಇರೋ ಉಪವಾಸಗಳೇ ಸಾಕು. ನನ್ನ ಸಲಹೆ, ಎಲ್ರ ಜೊತೆನೇ ಕೂತು ಬಿಸಿಬಿಸಿ ಊಟ ಮಾಡಿ, ಮಿಕ್ಕಿದ್ದು ಫ್ರಿಜ್ಜಿಗೋ ದನಕ್ಕೋ ಹೋಗ್ಲಿ, ಸಂಜೆ ಅರ್ಧ ಗಂಟೆ ಮಕ್ಕಳ ಹೋಂವರ್ಕ್ ಗಂಡ ನೋಡ್ಲಿ, ನೀವು ಚಪ್ಪಲಿ ಹಾಕ್ಕೊಂಡು ಹೊರಡಿ. ಮಂಡಿ ನೋವಿದ್ರೆ ಕುರ್ಚಿ ವ್ಯಾಯಾಮದಿಂದ ಶುರು ಮಾಡಿ.

ಹಾಸ್ಟೆಲ್ ಪಿಜಿ ಹುಡುಗ್ರಿಗೆ ಮೆಸ್ಸಿನ ಅಡುಗೆ ಕೈಯಲ್ಲಿಲ್ಲ, ಅದಕ್ಕೆ ಪ್ಲೇಟಿನ ಅನ್ನ ಕಮ್ಮಿ ಮಾಡಿ ಎರಡು ಬೇಯಿಸಿದ ಮೊಟ್ಟೆ ಇಲ್ಲ ನೆನೆಸಿದ ಕಡ್ಲೆ ಸೇರಿಸ್ಕೊಳೋದು, ರಾತ್ರಿ ಹನ್ನೊಂದಕ್ಕೆ ಆರ್ಡರ್ ಮಾಡೋದನ್ನ ನಿಲ್ಲಿಸೋದು, ಇವೆರಡೇ. ಅರವತ್ತು ದಾಟಿದವ್ರು ತೂಕಕ್ಕಿಂತ ಬಲ ನೋಡ್ಕೊಳಿ, ಊಟ ಕಮ್ಮಿ ಮಾಡೋ ಮುಂಚೆ ಪ್ರೋಟೀನ್ ಜಾಸ್ತಿ ಮಾಡಿ.

ಎಲ್ಲಾ ಒಟ್ಟಿಗೆ ಶುರು ಮಾಡ್ಬೇಡಿ. ಮೊದ್ಲು ಕಾಫಿ ಸಕ್ಕರೆ, ಎರಡು ಚಮಚದಿಂದ ಒಂದಕ್ಕೆ, ಆಮೇಲೆ ಅರ್ಧಕ್ಕೆ. ಅದು ಅಭ್ಯಾಸ ಆದ್ಮೇಲೆ ರಾತ್ರಿ ಊಟದ ಹೊತ್ತು, ಆಮೇಲೆ ತಟ್ಟೆ. ಎಲೆ ಊಟಕ್ಕೆ ಹೋದ್ರೆ ಕೋಸಂಬರಿ ಪಲ್ಯ ಎರಡನೇ ಸಲ ಕೇಳಿ, ಹೋಳಿಗೆ ಒಂದು ತಿನ್ನಿ, ಬಡಿಸೋರು ಒತ್ತಾಯ ಮಾಡೋಕೆ ಬಂದಾಗ ಎಲೆ ಮೇಲೆ ಕೈ ಅಡ್ಡ ಹಿಡೀರಿ, ಬಾಯಲ್ಲಿ ಬೇಡ ಅಂದ್ರೆ ಯಾರೂ ಕೇಳಲ್ಲ. ಮಾರನೇ ದಿನ ಮಿಷಿನ್ ಒಂದು ಕೆಜಿ ಜಾಸ್ತಿ ತೋರಿಸಿದ್ರೆ ಹೆದ್ರಬೇಡಿ, ಹೆಚ್ಚಿನದು ಉಪ್ಪು ಹಿಡಿದ ನೀರು, ಎರಡು ಮೂರು ದಿನದಲ್ಲಿ ಹೋಗತ್ತೆ. ದಿನಾ ಮಿಷಿನ್ ಹತ್ತೋ ಬದ್ಲು ವಾರಕ್ಕೊಂದ್ಸಲ ಒಂದೇ ಹೊತ್ತಲ್ಲಿ ತೂಕ, ತಿಂಗಳಿಗೊಂದ್ಸಲ ಟೇಪು.

ಆರಿಸ್ಕೊಂಡಿದ್ದಕ್ಕೆ ಮೂರು ತಿಂಗಳು ಕೊಡಿ. ಅಷ್ಟಾದ್ರೂ ಟೇಪು ಒಂದಿಂಚೂ ಅಲ್ಲಾಡ್ಲಿಲ್ಲ ಅಂದ್ರೆ ಒಂದು ವಾರ ತಿಂದಿದ್ದೆಲ್ಲ ಬರೆದಿಡಿ, ಅಡುಗೆ ಮಾಡ್ತಾ ರುಚಿ ನೋಡಿದ್ದು, ಮಕ್ಕಳ ತಟ್ಟೇದು ಖಾಲಿ ಮಾಡಿದ್ದು ಎಲ್ಲ ಸೇರಿಸಿ, ಹೆಚ್ಚಿನ ಸಲ ಅಲ್ಲೇ ಸಿಕ್ಕಿಬೀಳತ್ತೆ. ಸಿಗ್ಲಿಲ್ಲ ಅಂದ್ರೆ ಥೈರಾಯ್ಡ್ ಟೆಸ್ಟ್ ಮಾಡಿಸಿ, ಸ್ಟಿರಾಯ್ಡ್ ಥರದ ಮಾತ್ರೆ ತಗೊಳ್ತಿದ್ರೆ ಡಾಕ್ಟರಿಗೆ ಹೇಳಿ. ಮತ್ತೆ ಏನೂ ಮಾಡ್ದೇನೇ ತೂಕ ತಾನಾಗೇ ಇಳೀತಾ ಇದ್ರೆ ಖುಷಿ ಪಡ್ಬೇಡಿ, ಅವತ್ತೇ ಹೋಗಿ ಶುಗರ್ ರಕ್ತ ಎಲ್ಲ ಪರೀಕ್ಷೆ ಮಾಡಿಸ್ಕೊಂಡು ಬನ್ನಿ.